ಮಾತುಗಾರ ಮಗನಿಗೆ ಸೇಲ್ಸ್ ಡಿಗ್ರಿ: ಹಾಕಿದ ದುಡ್ಡು ಗಿಟ್ಟುತ್ತದಾ?

ಪ್ರಶ್ನೆ: "ಮಗ ಪ್ಲಸ್ ಟು ಕಾಮರ್ಸ್ ಮುಗಿಸಿದ್ದಾನೆ. ಮಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಸೇಲ್ಸ್ ಮತ್ತು ಮರ್ಚಂಡೈಸಿಂಗ್ ಅಂತ ಮೂರು ವರ್ಷದ ಡಿಗ್ರಿ ಉಂಟಂತೆ. ಫೀಸು ವರ್ಷಕ್ಕೆ 90 ಸಾವಿರ, ಹಾಸ್ಟೆಲಿಗೆ 70 ಸಾವಿರ. ಅವನಿಗೆ ಲೆಕ್ಕ ಅಷ್ಟಕ್ಕಷ್ಟೆ. ಆದರೆ ಮಾತಿನಲ್ಲಿ ಅವನನ್ನು ಹಿಡಿಯುವವರಿಲ್ಲ. ಸೇರಿಸಬಹುದಾ ಮಾಷ್ಟ್ರೇ?"
(ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಒಬ್ಬ ತಾಯಿ)

ಪ್ಲಸ್ ಟು ರಿಸಲ್ಟ್ ಬಂದ ವಾರದಿಂದ ಈ ಪ್ರಶ್ನೆ ಶುರುವಾಗುತ್ತದೆ. ಊರು ಮಾತ್ರ ಬೇರೆ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ. ಫೀಸೂ ಸ್ವಲ್ಪ ಹೆಚ್ಚು ಕಡಿಮೆ. ಕೊನೆಯ ಎರಡು ಮಾತು ಮಾತ್ರ ಪ್ರತಿ ಸಲ ಅದೇ: ಲೆಕ್ಕ ಬರುವುದಿಲ್ಲ, ಮಾತು ಬರುತ್ತದೆ, ಹಾಗಾಗಿ ಸೇಲ್ಸ್. ಮೂವತ್ತು ವರ್ಷ ಕಾಮರ್ಸ್ ಕಲಿಸಿದವನಿಗೆ ಇದನ್ನು ಕೇಳಿದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಬೇಜಾರು ಮಾಡಿಕೊಳ್ಳಬೇಡಿ ಅಮ್ಮಾ. ಮೊದಲು ಈ ಮಾತಿನ ಭೂತ ಬಿಡಿಸುತ್ತೇನೆ. ಫೀಸಿನ ವಿಷಯ ಆಮೇಲೆ.

ನಮ್ಮ ಸೋದರಮಾವನಿಗೆ ಬಟ್ಟೆ ಅಂಗಡಿ ಇತ್ತು. "ಮಾತು ಬಲ್ಲವ ಮಾಣಿಕ್ಯ ತಂದ" ಅಂತ ಗಾದೆ ಉಂಟಲ್ಲ, ಅದು ಅವರನ್ನು ನೋಡಿಯೇ ಹುಟ್ಟಿರಬೇಕು. ಬಂದವರು ತುಳುವರಾದರೆ ತುಳು, ಬ್ಯಾರಿಗಳಾದರೆ ಬ್ಯಾರಿ, ಟೀಚರುಗಳ ಹತ್ತಿರ ಮಲಯಾಳ, ಭಟ್ರ ಹತ್ತಿರ ಹವ್ಯಕ ಕನ್ನಡ. ಕರವಸ್ತ್ರಕ್ಕೆ ಬಂದವರು ಎರಡು ಸೀರೆ ಹಿಡಿದು ಹೋಗುತ್ತಿದ್ದರು. ಆ ಅಂಗಡಿ ಹನ್ನೊಂದು ವರ್ಷಕ್ಕೆ ಮುಚ್ಚಿತು. ಮುಚ್ಚಿದ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಲು ನಾನೂ ಹೋಗಿದ್ದೆ. ಒಳಗೆಲ್ಲ 44ರ ಸೈಜಿನ ಶರ್ಟು. 38, 40 ಯಾವತ್ತೋ ಖಾಲಿಯಾಗಿತ್ತು. ಮಾವ ಮಾರುವುದರಲ್ಲಿ ಒಂದು ದಿನವೂ ಸೋತಿರಲಿಲ್ಲ. ಮಾಲು ತರುವುದರಲ್ಲಿ ಪ್ರತಿ ಸೀಸನ್ ಸೋಲುತ್ತಿದ್ದರು.

ಒಂದು ಲೆಕ್ಕ ಮಾಡೋಣ. ಪೆನ್ನು ತೆಗೆದುಕೊಳ್ಳಿ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೋಲ್‌ಸೇಲಿನವ ಹೇಳುತ್ತಾನೆ: 60 ಶರ್ಟು ತೆಗೆದರೆ ಒಂದಕ್ಕೆ 420 ರೂಪಾಯಿ, 100 ತೆಗೆದರೆ 400. ನೀವು ಮಾರುವುದು 600ಕ್ಕೆ. ಸೀಸನಿನಲ್ಲಿ 60 ಶರ್ಟು ಹೋಗುತ್ತದೆ. ಮಾತುಗಾರ ಏನು ಮಾಡುತ್ತಾನೆ? "ನಾನು ಮಾರುತ್ತೇನೆ ಬಿಡಿ" ಅಂತ 100 ತೆಗೆಯುತ್ತಾನೆ. 40,000 ಹಾಕಿದ. 60 ಮಾರಿ 36,000 ಬಂತು. ಉಳಿದ 40ನ್ನು ಸೀಸನ್ ಮುಗಿದ ಮೇಲೆ 300ರಂತೆ ಕೊಟ್ಟು 12,000 ಮಾಡಿದ. ಒಟ್ಟು ಲಾಭ 8,000. ಪಕ್ಕದ ಅಂಗಡಿಯ ಮೌನಿ 60 ಮಾತ್ರ ತೆಗೆದ, ದುಬಾರಿ ರೇಟಿಗೇ. 25,200 ಹಾಕಿದ, 36,000 ಬಂತು, ಲಾಭ 10,800. ಇಬ್ಬರೂ ಸೀಸನಿನಲ್ಲಿ ಮಾರಿದ್ದು ಅಷ್ಟೇ ಶರ್ಟು. ಮೌನಿಯ ಕೈಯಲ್ಲಿ ಮುಂದಿನ ಹಬ್ಬದ ಮಾಲಿಗೆ ನಗದು ಬೇರೆ ಉಂಟು. ಈ "ಎಷ್ಟು ತರಬೇಕು, ಯಾವ ಸೈಜು, ಯಾವಾಗ, ಯಾವ ರೇಟಿಗೆ" ಅನ್ನುವುದಕ್ಕೇ ಮರ್ಚಂಡೈಸಿಂಗ್ ಅಂತ ಹೆಸರು. ಬೊಂಬೆಗೆ ಸೀರೆ ಉಡಿಸುವುದು ಅದರ ಒಂದು ತುಂಡು ಅಷ್ಟೆ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಜೂನ್ ಮೊದಲ ವಾರದ ಆಸುಪಾಸು. ಕೊಡೆ, ಬ್ಯಾಗು, ರೈನ್‌ಕೋಟು ಮೇ ತಿಂಗಳಲ್ಲೇ ಅಂಗಡಿಯೊಳಗೆ ಇರಬೇಕು. ಓಣಂ, ದೀಪಾವಳಿ ಒಂದಷ್ಟು ದಿನ ಹಿಂದೆ ಮುಂದೆ ಆಗುತ್ತವೆ. ಈದ್ ಹಾಗಲ್ಲ. ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಅದು ವರ್ಷ ವರ್ಷ ಹಿಂದೆ ಸರಿಯುತ್ತಲೇ ಇರುತ್ತದೆ. 2024ರಲ್ಲಿ ನಮ್ಮಲ್ಲಿ ಈದ್ ಏಪ್ರಿಲ್ 10ಕ್ಕೆ, ವಿಷು 14ಕ್ಕೆ. ಎರಡೂ ಹಬ್ಬದ ಜನ ಒಂದೇ ವಾರ ಪೇಟೆಗೆ ಇಳಿದರು. 2025ರಲ್ಲಿ ಈದ್ ಮಾರ್ಚ್ 31ಕ್ಕೇ ಆಗಿಹೋಯಿತು, ವಿಷು ಅಲ್ಲೇ ನಿಂತಿತ್ತು. ಹಳೆಯ ರಿಜಿಸ್ಟರ್ ನೋಡಿ "ಹೋದ ವರ್ಷ ಏಪ್ರಿಲಿನಲ್ಲಿ ಇಷ್ಟು ಹೋಗಿದೆ" ಅಂತ ಕಣ್ಣುಮುಚ್ಚಿ ಆರ್ಡರ್ ಕೊಟ್ಟವನ ಗತಿ ಏನು? ಅವನನ್ನು ಯಾವ ಮಾತು ಉಳಿಸುತ್ತದೆ?

ಇನ್ನೊಂದು. 80ಕ್ಕೆ ತಂದು 100ಕ್ಕೆ ಮಾರಿದರೆ ಮಾರ್ಜಿನ್ ಎಷ್ಟು? ಪ್ರತಿ ವರ್ಷ ಅರ್ಧ ಕ್ಲಾಸು "25 ಸಾರ್" ಅನ್ನುತ್ತದೆ. ಕೊಂಡ ಬೆಲೆಯ ಮೇಲೆ 25, ಸರಿ. ಮಾರಿದ ಬೆಲೆಯ ಮೇಲೆ 20. ವ್ಯಾಪಾರದಲ್ಲಿ ಮಾರ್ಜಿನ್ ಅಂದರೆ ಈ ಎರಡನೆಯದು. 25 ಅಂತ ನಂಬಿ ಶೇಕಡಾ 22 ಡಿಸ್ಕೌಂಟ್ ಬೋರ್ಡು ಹಾಕಿದವ 80ರ ಮಾಲನ್ನು 78ಕ್ಕೆ ಕೊಟ್ಟು, ಮೂರು ರೂಪಾಯಿ ಉಳಿಯಿತು ಅಂತ ಖುಷಿಯಲ್ಲಿರುತ್ತಾನೆ.

"ಅದು ಅಂಗಡಿ. ಕಂಪನಿಯ ಸೇಲ್ಸಿನಲ್ಲಾದರೂ ಮಾತು ಬೇಕಲ್ಲ?" ಅಂತ ಕೇಳುತ್ತೀರಿ. ಬೇಕು. ಸಾರಿಗೆ ಉಪ್ಪು ಬೇಕಾದಷ್ಟು. ಬೀಟಿಗೆ, ಅಂದರೆ ಕಂಪನಿ ಗೊತ್ತುಮಾಡಿದ ಅಂಗಡಿಗಳ ಸುತ್ತಿಗೆ, ಹೋದ ಹುಡುಗ ದಿನಕ್ಕೆ ಹತ್ತಾರು ಅಂಗಡಿ ಹತ್ತಿ ಇಳಿಯುತ್ತಾನೆ. ಯಾವ ಅಂಗಡಿಯಲ್ಲಿ ಯಾವ ಪ್ಯಾಕ್ ಮುಗಿಯಿತು, ಯಾರ ಬಾಕಿ ಎಷ್ಟು ದಿನದಿಂದ ಉಂಟು, ಯಾವುದರ ಡೇಟ್ ಮುಗಿಯುತ್ತಾ ಬಂತು, ಇದೇ ಅವನ ದಿನ. ಅಂಗಡಿಯವರಿಗೆ ಮಾತು ಕೇಳಲು ಪುರುಸೊತ್ತಿಲ್ಲ. ಹೋದ ವಾರ ಹೇಳಿದ ಸ್ಕೀಮ್ ಕೊಟ್ಟನಾ, ಹಾಳಾದ ಮಾಲು ವಾಪಸ್ ತೆಗೆದುಕೊಂಡನಾ, ಅಷ್ಟೇ ನೋಡುತ್ತಾರೆ. ನನ್ನ ಕ್ಲಾಸಿನಲ್ಲಿ ಮೂರು ವರ್ಷ ಬಾಯಿ ಬಿಡದ ಒಬ್ಬ ಹುಡುಗ ಇವತ್ತು ದುಬೈಯ ಒಂದು ಸೂಪರ್ ಮಾರ್ಕೆಟಿನಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಾನೆ. ರಜೆಯಲ್ಲಿ ಬಂದಾಗ ಈಗಲೂ ಜಾಸ್ತಿ ಮಾತಾಡುವುದಿಲ್ಲ. ನನಗೆ ಹೆಮ್ಮೆ, ಸುಮ್ನೆ ಹೇಳಿದೆ.

ಈಗ ನಿಮ್ಮ ಖರ್ಚು. ವರ್ಷಕ್ಕೆ 1,60,000, ಮೂರು ವರ್ಷಕ್ಕೆ 4,80,000. ಇದರ ಜೊತೆ ಯಾರೂ ಬರೆದುಕೊಳ್ಳದ ಒಂದು ಖರ್ಚು ಉಂಟು: ಆ ಮೂರು ವರ್ಷ ಹುಡುಗ ದುಡಿಯುವುದಿಲ್ಲ. ತಿಂಗಳಿಗೆ 12,000 ಸಿಗುತ್ತಿತ್ತು ಅಂತ ಇಟ್ಟುಕೊಂಡರೆ 4,32,000. ಒಟ್ಟು 9,12,000. ಡಿಗ್ರಿಯಿಂದ ಸಂಬಳ ತಿಂಗಳಿಗೆ 6,000 ಜಾಸ್ತಿ ಬಂತು ಅನ್ನೋಣ. ಹಾಕಿದ್ದು ವಾಪಸ್ ಬರಲು 12 ವರ್ಷ 8 ತಿಂಗಳು.

ಅದೇ ಹುಡುಗ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿನಂಥ ಕಡೆ ಬಿಕಾಂ ಸೇರಲಿ. ಫೀಸು, ಬಸ್ಸು, ಪುಸ್ತಕ ಎಲ್ಲ ಸೇರಿ ಮೂರು ವರ್ಷಕ್ಕೆ 60,000 ಅಂತ ಹಿಡಿಯಿರಿ, ದುಡಿಯದ 4,32,000 ಇಲ್ಲೂ ಸೇರಿಸಿ. ಶನಿವಾರ, ಭಾನುವಾರ, ಹಬ್ಬದ ಸೀಸನಿನಲ್ಲಿ ಒಂದು ಅಂಗಡಿಗೆ ಹೋಗಿ ತಿಂಗಳಿಗೆ 3,000 ದುಡಿದರೂ 1,08,000 ಕಳೆಯಿತು. ಹೊರೆ 3,84,000ಕ್ಕೆ ಇಳಿಯಿತು. ಅದೇ 6,000ದ ಲೆಕ್ಕದಲ್ಲಿ 5 ವರ್ಷ 4 ತಿಂಗಳಿಗೆ ಗಿಟ್ಟುತ್ತದೆ. ಎರಡಕ್ಕೂ ಅದೇ 6,000 ಯಾಕೆ ಹಿಡಿದೆ ಅಂದರೆ, ಸೇಲ್ಸಿಗೆ ಹೊಸಬರನ್ನು ತೆಗೆದುಕೊಳ್ಳುವಾಗ ಹೆಚ್ಚಿನ ಕಂಪನಿಗಳು ಕೇಳುವುದು "ಯಾವುದಾದರೂ ಡಿಗ್ರಿ". ಹೆಸರಿನಲ್ಲಿ ಮರ್ಚಂಡೈಸಿಂಗ್ ಇದ್ದ ಮಾತ್ರಕ್ಕೆ ಸೇರುವ ಸಂಬಳ ಏರಿದ್ದನ್ನು ನಾನು ಕಂಡದ್ದು ಕಡಿಮೆ.

ಸಾಲ ಮಾಡಿ ಸೇರಿಸುವ ಯೋಚನೆ ಇದ್ದರೆ ಇದನ್ನೂ ನೋಡಿ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಕೇಳುವುದಿಲ್ಲ, ಹಾಗಾಗಿ ಸುಲಭ ಅನ್ನಿಸುತ್ತದೆ. ಬಡ್ಡಿ ಶೇಕಡಾ 11 ಅಂತ ಹಿಡಿದು 7 ವರ್ಷಕ್ಕೆ ತೀರಿಸಿದರೆ ಕಂತು ತಿಂಗಳಿಗೆ ಸುಮಾರು 6,850. ಓದುವಾಗ ಬೆಳೆದ ಬಡ್ಡಿ ಬೇರೆ. ಜಾಸ್ತಿ ಬಂದ ಆ 6,000 ಕಂತಿಗೇ ಸಾಲದು.

ಹಾಗಂತ ಈ ಡಿಗ್ರಿಯೇ ದಂಡ ಅಂತ ನಾನು ಹೇಳಲಿಲ್ಲ. ಕೋರ್ಸಿನೊಳಗೆ ಅಪ್ರೆಂಟಿಸ್‌ಶಿಪ್, ಅಂದರೆ ಕೆಲಸದ ಜಾಗದಲ್ಲೇ ಕಲಿಯುವುದನ್ನು, ಸೇರಿಸಿ ಡಿಗ್ರಿ ಕೊಡಲು ಯುಜಿಸಿ 2020ರಲ್ಲೇ ಮಾರ್ಗಸೂಚಿ ತಂದಿದೆ. ಅಂಥ ಕೋರ್ಸು, ಸ್ಟೈಪೆಂಡ್ ಸಹಿತ, ಸಿಕ್ಕಿದರೆ ಬಿಡಬೇಡಿ. ಕಸುಬು ಕಲಿಸುವ ಬಿ.ವೋಕ್ ಡಿಗ್ರಿ ಆದರೆ ಒಂದು ವರ್ಷಕ್ಕೆ ಬಿಟ್ಟರೂ ಡಿಪ್ಲೊಮಾ ಕೈಗೆ ಬರುತ್ತದೆ. ಸೇರುವ ಮೊದಲು ಕಾಲೇಜಿನವರನ್ನು ಕೇಳಿ: ಸ್ಟಾಕ್ ಲೆಕ್ಕ ಯಾರು ಕಲಿಸುತ್ತಾರೆ, ಅವರು ಯಾವತ್ತಾದರೂ ಅಂಗಡಿಯೋ ಗೋಡೌನೋ ನಡೆಸಿದ್ದಾರಾ, ಹೋದ ವರ್ಷದ ಹುಡುಗರು ಈಗ ಎಲ್ಲಿದ್ದಾರೆ, ಸರ್ಟಿಫಿಕೇಟಿನಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರು ಬರುತ್ತದೆ. "ಡಿಗ್ರಿಗೆ ಸಮಾನ" ಅಂತ ಬ್ರೋಷರಿನಲ್ಲಿ ಕಂಡರೆ ಅಲ್ಲಿಂದಲೇ ಬಸ್ಸು ಹತ್ತಿ. ಮರ್ಚಂಡೈಸರ್ ಅಂದರೆ ಏನು ಅಂತಲೂ ಕೇಳಿ. ಗಲ್ಫಿನ ಸೂಪರ್ ಮಾರ್ಕೆಟಿನಲ್ಲಿ ಅದು ಕಂಪನಿಯ ಮಾಲನ್ನು ಶೆಲ್ಫಿನಲ್ಲಿ ಜೋಡಿಸುವವನ ಹೆಸರು. ತಿರುಪ್ಪೂರಿನ ಗಾರ್ಮೆಂಟ್ಸಿನಲ್ಲಿ ಸ್ಯಾಂಪಲ್‌ನಿಂದ ಹಿಡಿದು ಹಡಗಿಗೆ ಹಾಕುವವರೆಗೆ ಆರ್ಡರಿನ ಬೆನ್ನು ಹಿಡಿಯುವವನ ಹೆಸರು. ದೊಡ್ಡ ಅಂಗಡಿಗಳ ಹೆಡ್ ಆಫೀಸಿನಲ್ಲಿ ಯಾವ ಊರಿನ ಶಾಖೆಗೆ ಎಷ್ಟು ಮಾಲು ಅಂತ ನಿರ್ಧರಿಸುವವನ ಹೆಸರು. ಮೂರರ ಸಂಬಳ ಮೂರು ಥರ. ಕಾಲೇಜು ಫೋಟೊ ತೋರಿಸುವುದು ಮೂರನೆಯದರದ್ದು, ಹೆಚ್ಚಿನವರು ಶುರು ಮಾಡುವುದು ಮೊದಲನೆಯದರಿಂದ.

ಇನ್ನು ನೀವು ಕೇಳದ ಒಂದು ವಿಷಯ. ಮಗಳಾಗಿದ್ದರೆ ನೀವು ಇದನ್ನೇ ಮೊದಲು ಕೇಳುತ್ತಿದ್ದಿರಿ: ದಿನಾ ಹತ್ತು ಗಂಟೆ ನಿಂತೇ ಇರಬೇಕಾ? ಹುಡುಗರಿಗೂ ಕಾಲು ಉಂಟಲ್ವಾ, ಯಾಕೆ ಕೇಳುವುದಿಲ್ಲವೋ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. ಆಮೇಲೆ ಕೇರಳ 2018ರಲ್ಲಿ ಅಂಗಡಿಗಳ ಕಾನೂನಿಗೆ ತಿದ್ದುಪಡಿ ತಂದು, ಕೆಲಸದವರಿಗೆ ಕೂರಲು ಆಸನ ಕೊಡಲೇಬೇಕು ಅಂತ ಮಾಡಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ಮಗ ಡಿಗ್ರಿ ಮಾಡಿ ಮುಂದೆ ಅಂಗಡಿಯ ಮ್ಯಾನೇಜರ್ ಆದರೆ ಇದನ್ನು ಪಾಲಿಸಬೇಕಾದವನು ಅವನೇ. ಸಿಲೆಬಸ್ಸಿನಲ್ಲಿ ಈ ಪಾಠ ಉಂಟಾ ಅಂತಲೂ ನೋಡಿ.

ಮೊನ್ನೆ ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಹಿಂದೆ ಸ್ಟೂಲು ಇತ್ತು. ಅದರ ಮೇಲೆ ಬಿಲ್ಲು ಪುಸ್ತಕದ ಕಟ್ಟು. ನಾನು ನೋಡುವುದನ್ನು ಕಂಡು ಅವಳು ಕಟ್ಟನ್ನು ಕೆಳಗಿಟ್ಟಳು, ಸ್ಟೂಲನ್ನು ಈಚೆ ಎಳೆದು ಸೆರಗಿನಿಂದ ಒರೆಸಿದಳು. "ಕೂತುಕೊಳ್ಳಿ ಮಾಷ್ಟ್ರೇ" ಅಂದಳು.