ತಲೆಯೊಳಗೆ ಇಣುಕುವುದು ವಿಜ್ಞಾನವೇ? ಓಸ್ವಾಲ್ಡ್ ವೀನರ್ ಹಿಡಿದ ಹಟ

ಕಣ್ಣು ಮುಚ್ಚಿ ‘ಕ’ ಅಕ್ಷರವನ್ನು ತಲೆಕೆಳಗು ಮಾಡಿ. ತಲೆಕಟ್ಟಿನ ತುದಿ ಈಗ ಎಡಕ್ಕೋ, ಬಲಕ್ಕೋ? ಉತ್ತರ ಇರಲಿ. ಅದು ಸಿಗುವ ಮುನ್ನ ಒಳಗೆ ನಡೆದದ್ದೇನು? ಚಿತ್ರ ತಿರುಗಿತೇ, ಬೆರಳು ಬರೆದಂತಾಯಿತೇ, ಸುಮ್ಮನೆ ಹೊಳೆಯಿತೇ?

ಹೀಗೆ ಕೇಳುವುದು ಒಂದು ಕಾಲಕ್ಕೆ ಮನೋವಿಜ್ಞಾನದ ಮುಖ್ಯ ಕಸುಬಾಗಿತ್ತು. 1879ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದ ಜರ್ಮನ್ ಮನೋವಿಜ್ಞಾನಿ ವುಂಟ್ ಕೂಡ ಅಂತರವಲೋಕನವನ್ನು, ಅಂದರೆ ತನ್ನ ಮನಸ್ಸನ್ನು ತಾನೇ ಗಮನಿಸುವುದನ್ನು, ಬಿಟ್ಟಿರಲಿಲ್ಲ. ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನ ಮಾಡಬೇಕೆನ್ನುವ ವರ್ತನಾವಾದ 1913ರಿಂದ ಬಲಿತಂತೆ ಅದು ಮೂಲೆ ಸೇರಿತು. ಹೊರಗೆ ಕಾಣದ್ದನ್ನು ಅಳೆಯಲಾಗದು, ನಿಜ. ಆದರೆ ಅಳೆಯಲಾಗದ್ದನ್ನು ನೋಡಲೇಬಾರದು ಎಂಬ ತೀರ್ಮಾನ ತುಸು ಅವಸರದ್ದು.

ಅಂತರವಲೋಕನವನ್ನು ಮತ್ತೆ ಕೈಗೆತ್ತಿಕೊಂಡವರಲ್ಲಿ ಒಬ್ಬರು ಸಾಹಿತಿ. 1935ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಓಸ್ವಾಲ್ಡ್ ವೀನರ್ ಜಾಝ್ ತುತ್ತೂರಿ ಊದುತ್ತಿದ್ದವರು. ಆರ್ಟ್‌ಮನ್, ಬೇಯರ್, ರ‍್ಯೂಮ್, ಆಖ್‌ಲೈಟ್ನರ್ ಎಂಬ ಪ್ರಯೋಗಶೀಲ ಬರಹಗಾರರೊಂದಿಗೆ ‘ವಿಯೆನ್ನಾ ಗುಂಪು’ ಎಂದು ಹೆಸರಾದರು. ಇವರ ಪ್ರದರ್ಶನದಲ್ಲಿ ವೇದಿಕೆಯ ಮೇಲೆಯೇ ಪಿಯಾನೊ ಪುಡಿಯಾಯಿತು. ಹಗಲು ಹೊತ್ತು ಮಾತ್ರ ಒಲಿವೆಟ್ಟಿ ಕಂಪನಿಯಲ್ಲಿ ದತ್ತಾಂಶ ಸಂಸ್ಕರಣೆಯ ನೌಕರಿ. ಮುಂದಿನದ್ದಕ್ಕೆಲ್ಲ ಬೀಜ ಪಿಯಾನೊಗಿಂತ ಈ ನೌಕರಿಯಲ್ಲೇ ಬಿದ್ದಿತ್ತೆಂದು ನನಗನ್ನಿಸುತ್ತದೆ.

1969ರಲ್ಲಿ ಪುಸ್ತಕವಾಗಿ ಬಂದ ‘ಮಧ್ಯ ಯುರೋಪಿನ ಸುಧಾರಣೆ’ ಕಾದಂಬರಿಯಲ್ಲಿ ‘ಬಯೋ-ಅಡಾಪ್ಟರ್’ ಎಂಬ ಉಡುಪಿದೆ. ತೊಟ್ಟವನ ಇಷ್ಟಾನಿಷ್ಟಗಳನ್ನು ಅದು ಕಲಿಯುತ್ತದೆ, ಸುಖ ಕೊಡುತ್ತದೆ, ಕೊನೆಗೆ ಅವನ ದೇಹವನ್ನೇ ತಾನಾಗಿಸಿಕೊಳ್ಳುತ್ತದೆ. ಮೊಬೈಲ್ ಕೈಬಿಡಲಾರದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1968ರ ಜೂನ್‌ನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ವೀನರ್ ಪಾಲ್ಗೊಂಡ ‘ಕಲೆ ಮತ್ತು ಕ್ರಾಂತಿ’ ಪ್ರದರ್ಶನ ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ವೀನರ್ ಬರ್ಲಿನ್ ಸೇರಿದರು, ಪತ್ನಿ ಇಂಗ್ರಿಡ್ ಜೊತೆ ಹೋಟೆಲು ತೆರೆದರು. ಹೋಟೆಲಿನ ಹೆಸರೇ ‘ಗಡೀಪಾರು’!

ನಲವತ್ತೈದರ ಆಸುಪಾಸಿನಲ್ಲಿ ಅವರು ಗಣಿತ ಮತ್ತು ಗಣಕವಿಜ್ಞಾನ ಓದಲು ಮತ್ತೆ ವಿದ್ಯಾರ್ಥಿಯಾದರು. ಆಗ ಕೈಗೆ ಸಿಕ್ಕ ಅಳತೆಗೋಲು ಟ್ಯೂರಿಂಗ್ ಯಂತ್ರ, ಅಂದರೆ ನಿಯಮದಂತೆ ಹೆಜ್ಜೆ ಹೆಜ್ಜೆಯಾಗಿ ಚಿಹ್ನೆಗಳನ್ನು ಬರೆಯುವ, ಅಳಿಸುವ ಕಾಲ್ಪನಿಕ ಗಣಕ. ವೀನರ್ ಪ್ರಕಾರ ಒಂದು ಚಿಹ್ನೆಸಾಲನ್ನು ಹುಟ್ಟಿಸಬಲ್ಲ ಯಂತ್ರವೇ ಆ ಸಾಲಿನ ರಚನೆ. ಅಂಥ ರಚನೆಯನ್ನು ಒಳಗೆ ಕಟ್ಟಿಕೊಳ್ಳುವುದೇ ಅರ್ಥಮಾಡಿಕೊಳ್ಳುವುದು. ಕಟ್ಟಿಕೊಳ್ಳದೆ ಚಿಹ್ನೆಗಳ ಮೇಲ್ಮೈಯಲ್ಲೇ ಓಡಾಡುವ ಕ್ರಮವನ್ನು ಅವರು ‘ಚಪ್ಪಟೆ’ ಎಂದರು. ಮಗ್ಗಿಯನ್ನು ಬಾಯಿಪಾಠ ಒಪ್ಪಿಸುವ ಮಗುವೂ ಆ ಹೊತ್ತಿಗೆ ಚಪ್ಪಟೆಯೇ. ಯಂತ್ರದ ಮಾತು ಮನುಷ್ಯನ ಮಾತಿನಂತಿದೆಯೇ ಎಂದು ಕೇಳುವ ಟ್ಯೂರಿಂಗ್ ಪರೀಕ್ಷೆ ಉತ್ತರವನ್ನಷ್ಟೇ ನೋಡುತ್ತದೆ. ಉತ್ತರ ಚಪ್ಪಟೆಯೋ ಅಲ್ಲವೋ ತಿಳಿಯಬೇಕಾದರೆ ಅದು ಹುಟ್ಟುವ ಜಾಗಕ್ಕೇ ಹೋಗಬೇಕು. ನಮ್ಮ ಪಾಲಿಗೆ ಆ ಜಾಗ ಒಂದೇ, ನಮ್ಮದೇ ತಲೆ.

ಕೆನಡಾದ ಯೂಕಾನ್ ಪ್ರದೇಶದ ಡಾಸನ್ ಸಿಟಿಯಲ್ಲಿ ಬಾಳುತ್ತಲೂ, 1992ರಿಂದ ಡ್ಯೂಸೆಲ್‌ಡಾರ್ಫ್ ಕಲಾ ಅಕಾಡೆಮಿಯಲ್ಲಿ ಪಾಠ ಹೇಳುತ್ತಲೂ ಅವರು ಈ ಸ್ವಾವಲೋಕನವನ್ನು ಬಿಡಲಿಲ್ಲ. ಪ್ರಯೋಗಾಲಯಗಳು ಹೆಚ್ಚೇನೂ ಕಿವಿಗೊಡಲಿಲ್ಲ. 2021ರ ನವೆಂಬರ್‌ನಲ್ಲಿ ತೀರಿಕೊಂಡರು. ಚಾಟ್‌ಜಿಪಿಟಿ ಬಂದದ್ದು ಮರುವರ್ಷದ ನವೆಂಬರ್‌ನಲ್ಲಿ.