ಬೂಟ್‌ಲೆಗರ್‌ಗೆ ಭಟ್ಟಿ ಬೇಕಾಗಿರಲಿಲ್ಲ

ಅಮೆರಿಕದ ಪಾನನಿಷೇಧದ ಕಾಲವನ್ನು ಕುರಿತ ಕನ್ನಡ ಬರಹಗಳಲ್ಲಿ ಪಾತಕಿಗಳ ಗುಂಪಿನ ನಾಯಕ ಅಲ್ ಕಪೋನ್‌ನನ್ನು ‘ಕಳ್ಳಭಟ್ಟಿ ದೊರೆ’ ಎಂದು ಕರೆದಿರುವುದನ್ನು ಎಷ್ಟು ಬಾರಿ ಓದಿದ್ದೇನೋ, ಲೆಕ್ಕ ತಪ್ಪಿದೆ. ಆದರೆ ಷಿಕಾಗೊದಲ್ಲಿ ಕಪೋನ್‌ನೂ ಅವನಿಗಿಂತ ಮೊದಲು ಗುಂಪನ್ನು ನಡೆಸುತ್ತಿದ್ದ ಜಾನಿ ಟೋರಿಯೊನೂ ಹಣ ಮಾಡಿದ್ದು ಬಹುಮಟ್ಟಿಗೆ ಬಿಯರ್‌ನಿಂದ. ಬಿಯರನ್ನು ಹುದುಗು ಬರಿಸಿ ಮಾಡುತ್ತಾರೆಯೇ ಹೊರತು ಯಾರೂ ಭಟ್ಟಿ ಇಳಿಸುವುದಿಲ್ಲ. 1924ರ ಮೇ ತಿಂಗಳಲ್ಲಿ ಟೋರಿಯೊ ಪೊಲೀಸರ ಕೈಗೆ ಸಿಕ್ಕಿಬಿದ್ದದ್ದೂ ಸೀಬೆನ್ ಎಂಬ ಬಿಯರ್ ಕಾರ್ಖಾನೆಯಲ್ಲಿಯೇ. ಮದ್ಯವನ್ನು ಕದ್ದು ಸಾಗಿಸಿ ಮಾರುವವನಿಗೆ ಇಂಗ್ಲಿಷಿನಲ್ಲಿರುವ ‘ಬೂಟ್‌ಲೆಗರ್’ ಎಂಬ ಹೆಸರು ಕಂಡಲ್ಲೆಲ್ಲ ‘ಕಳ್ಳಭಟ್ಟಿಯವನು’ ಎಂದು ಬರೆಯುವ ಅಭ್ಯಾಸದ ಫಲವಿದು.

ಎತ್ತರದ ಬೂಟಿನಲ್ಲಿ ಪಾದದಿಂದ ಮೇಲೆ ಮೀನಖಂಡವನ್ನು ಸುತ್ತುವ ಭಾಗವೇ ‘ಬೂಟ್‌ಲೆಗ್’. ಆ ತೊಗಲಿಗೂ ಕಾಲಿಗೂ ನಡುವಿನ ಸಂದಿನಲ್ಲಿ ಚಪ್ಪಟೆ ಸೀಸೆಯನ್ನು ಸಿಕ್ಕಿಸಿಕೊಂಡು, ಮದ್ಯ ಮಾರುವುದು ಅಪರಾಧವಾಗಿದ್ದ ಕಡೆಗೆ, ಅದರಲ್ಲಿಯೂ ಅಮೆರಿಕದ ಮೂಲನಿವಾಸಿಗಳ ಸೀಮೆಗಳಿಗೆ, ಕದ್ದು ಒಯ್ದು ಮಾರುತ್ತಿದ್ದವರಿಂದ ಈ ಹೆಸರು ಬಂದಿತೆಂಬ ವಿವರಣೆ ರೂಢಿಯಲ್ಲಿದೆ. ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಆದ್ದರಿಂದ ಅದು 1920ರ ಪಾನನಿಷೇಧದ ಕೂಸು ಎನ್ನುವುದೂ ತಪ್ಪೇ. ಹುಟ್ಟಿನಲ್ಲಿಯೇ ಈ ಪದ ಬಚ್ಚಿಡುವುದನ್ನು, ಒಯ್ಯುವುದನ್ನು ಮತ್ತು ಮಾರುವುದನ್ನು ಹೇಳುತ್ತದೆ. ಕಾಯಿಸುವ ಒಲೆಯಾಗಲಿ ಹಂಡೆಯಾಗಲಿ ಅದರಲ್ಲಿ ಎಲ್ಲಿಯೂ ಇಲ್ಲ.

ನಮ್ಮ ‘ಕಳ್ಳಭಟ್ಟಿ’ಯಲ್ಲಿ ಇರುವುದೇ ಒಲೆ. ಸಂಸ್ಕೃತದ ‘ಭ್ರಾಷ್ಟ್ರ’ ಪ್ರಾಕೃತದ ಬಾಯಲ್ಲಿ ಸವೆದು ‘ಭಟ್ಟಿ’ಯಾಗಿ, ಕುಲುಮೆ, ಒಲೆ ಎಂಬ ಅರ್ಥಗಳನ್ನು ದಾಟಿ ಸಾರಾಯಿ ಇಳಿಸುವ ಸಲಕರಣೆಯವರೆಗೆ ಬಂದಿದೆ. ‘ಕಳ್ಳಭಟ್ಟಿ’ಯ ಮೊದಲ ಪದದಲ್ಲಿ ಕೆಲವರಿಗೆ ‘ಕಳ್ಳು’ ಕೇಳಿಸುತ್ತದೆ. ಹಳಗನ್ನಡದಲ್ಲಿ ‘ಕಳ್’ ಎಂದರೆ ಕದಿಯುವುದೂ ಹೌದು, ಈಚಲು ತೆಂಗುಗಳ ಹೆಂಡವೂ ಹೌದು, ಆದ್ದರಿಂದ ಕಿವಿಯನ್ನು ದೂರುವಂತಿಲ್ಲ. ಆದರೆ ಅವೆರಡೂ ಬೇರೆ ಬೇರೆ ಪದಗಳು. ಹೆಂಡ ಮರದಿಂದ ಇಳಿದು ತಾನಾಗಿಯೇ ಹುಳಿಯುತ್ತದೆ, ಅದಕ್ಕೂ ಭಟ್ಟಿ ಬೇಡ. ಕಳ್ಳಭಟ್ಟಿಯಲ್ಲಿ ಇರುವುದು ಕಳ್ಳತನವೇ, ಕಳ್ಳಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಸಮನಾದದ್ದನ್ನು ಹುಡುಕುವವರು ‘ಮೂನ್‌ಶೈನ್’ ಎಂಬ ಪದದ ಬಳಿಗೆ ಹೋಗಬೇಕು. ಷಿಕಾಗೊದ ಇನ್ನೊಂದು ಪಾತಕಿ ಗುಂಪಾದ ಜೆನ್ನಾ ಸಹೋದರರು ತಮ್ಮ ಕೇರಿಯ ಮನೆಮನೆಗಳಲ್ಲಿ ಇಡಿಸಿದ್ದು ನಿಜವಾದ ಕಳ್ಳಭಟ್ಟಿ. ಅಲ್ಲಿ ಆ ಪದವನ್ನು ಧಾರಾಳವಾಗಿ ಬಳಸಿರಿ.

ಈ ಭೇದ ಬರಿಯ ನಿಘಂಟಿನ ಕಿರಿಕಿರಿಯಲ್ಲ. 1920ರ ಜನವರಿ 17ರಂದು ಜಾರಿಗೆ ಬಂದು 1933ರ ಡಿಸೆಂಬರ್ 5ರಂದು ಮುಗಿದ ಆ ನಿಷೇಧ, ಮದ್ಯದ ತಯಾರಿಕೆ, ಮಾರಾಟ, ಸಾಗಣೆ, ಆಮದು ಮತ್ತು ರಫ್ತುಗಳನ್ನು ತಡೆಯಿತೇ ಹೊರತು ಕುಡಿಯುವುದನ್ನು ಅಪರಾಧವೆನ್ನಲಿಲ್ಲ. ಕುಡಿಯುವವರು ಇದ್ದಲ್ಲಿಯೇ ಇದ್ದರು, ಗಡಿಯಾಚೆಯ ಕೆನಡಾದಲ್ಲಿ ಮದ್ಯವೂ ಇತ್ತು. ಎರಡನ್ನೂ ಕೂಡಿಸಬಲ್ಲವನಿಗೆ ಲಾಭವಿತ್ತು. ಲಾರಿ, ದೋಣಿ, ಗೋದಾಮು, ಲಂಚ ತಿನ್ನುವ ಅಧಿಕಾರಿ, ದಾರಿಯಲ್ಲಿ ಮಾಲು ದೋಚುವವರನ್ನು ತಡೆಯುವ ಬಂದೂಕು, ಇವೆಲ್ಲ ಬೇಕಾದ ಕಸುಬು ಒಂಟಿಯಾಗಿ ನಡೆಯುವಂಥದ್ದಲ್ಲವಾದ್ದರಿಂದ, ಬೀದಿಯ ಪುಂಡರ ಗುಂಪುಗಳು ಸಂಘಟಿತ ಅಪರಾಧದ ಕೂಟಗಳಾಗಿ ಬೆಳೆದವು.

ಸಿನ್ಸಿನಾಟಿಯ ಜಾರ್ಜ್ ರೀಮಸ್‌ನನ್ನು ನೋಡಿರಿ. ಔಷಧ ವ್ಯಾಪಾರಿಯಾಗಿದ್ದು ವಕೀಲನಾದ ಈತ, ವೈದ್ಯರ ಚೀಟಿಗೆ ವಿಸ್ಕಿ ಕೊಡಬಹುದೆಂಬ ವಿನಾಯಿತಿಯನ್ನು ಹಿಡಿದು, ಡಿಸ್ಟಿಲರಿಗಳನ್ನು ಅವುಗಳ ದಾಸ್ತಾನಿನ ಸಮೇತ ಕೊಂಡು, ‘ಔಷಧ’ವೆಂದು ಹೊರಟ ತನ್ನದೇ ಲಾರಿಗಳನ್ನು ತನ್ನ ಜನರಿಂದಲೇ ದಾರಿಯಲ್ಲಿ ದೋಚಿಸುತ್ತಿದ್ದ. ನಿಷೇಧಕ್ಕೆ ಮೊದಲೇ ಕಾನೂನುಬದ್ಧವಾಗಿ ಇಳಿಸಿಟ್ಟ ವಿಸ್ಕಿಯನ್ನು ಮಾರಿದ ಈತನನ್ನು ‘ಬೂಟ್‌ಲೆಗರ್‌ಗಳ ರಾಜ’ ಎಂದು ಕರೆದರು. ಸಿಯಾಟಲ್‌ನ ರಾಯ್ ಓಮ್‌ಸ್ಟೆಡ್ ಪೊಲೀಸ್ ಲೆಫ್ಟಿನೆಂಟ್ ಆಗಿದ್ದವನು. ಕೆನಡಾದ ಮದ್ಯವನ್ನು ದೋಣಿಗಳಲ್ಲಿ ತರಿಸುತ್ತಿದ್ದ ಆತನ ದೂರವಾಣಿಯನ್ನು ಕದ್ದು ಕೇಳಿದ್ದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1928ರಲ್ಲಿ ಐದು-ನಾಲ್ಕರ ಬಹುಮತದಿಂದ ಸರ್ಕಾರದ ಪರವಾಗಿ ತೀರ್ಮಾನವಾಯಿತು. ಬಹಾಮಾಸ್ ದ್ವೀಪಗಳ ನಸ್ಸಾವಿನಿಂದ ಹಡಗು ತಂದು ಕಡಲಗಡಿಯಾಚೆ ಲಂಗರು ಹಾಕಿ ಮಾರುತ್ತಿದ್ದ ಬಿಲ್ ಮೆಕಾಯ್‌ನಂಥವರಿಗೆ ‘ರಮ್ ರನ್ನರ್’ ಎಂಬ ಬೇರೆ ಹೆಸರೇ ಇದೆ.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ನಾವು ಗೂಂಡಾ ಕಾಯ್ದೆ ಎನ್ನುವ ಕರ್ನಾಟಕದ 1985ರ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿ ಗೂಂಡಾಗಳಿಗಿಂತ ಮುಂದೆ ನಿಂತಿರುವವರು ಬೂಟ್‌ಲೆಗರ್‌ಗಳೇ, ಮತ್ತು ಅದರ ವ್ಯಾಖ್ಯೆಯಲ್ಲಿ ಮದ್ಯವನ್ನು ಅಕ್ರಮವಾಗಿ ಇಳಿಸುವವನೂ, ಸಾಗಿಸುವವನೂ, ಮಾರುವವನೂ ಒಟ್ಟಿಗೆ ಸೇರಿದ್ದಾರೆ. ಅದು ಆ ಕಾಯ್ದೆಯ ಕೆಲಸಕ್ಕೆ ಸರಿ. ಆದರೆ ಅಮೆರಿಕದ ಕಥೆಗೆ ‘ಮದ್ಯದ ಕಳ್ಳಸಾಗಣೆದಾರ’ ಎಂದು ಬರೆಯಬಹುದು. ಅದು ಉದ್ದವೆನಿಸಿದರೆ ‘ಬೂಟ್‌ಲೆಗರ್’ ಎಂದೇ ಉಳಿಸಿಕೊಳ್ಳಬಹುದು, ಬೂಟು ಹೇಗಿದ್ದರೂ ಕನ್ನಡಕ್ಕೆ ಬಂದು ಬಹಳ ಕಾಲವಾಯಿತು.