ಹಳದಿ ಪಿನ್ನಿನಿಂದ ಎಚ್‌ಡಿಎಂಐವರೆಗೆ: ಟಿ.ವಿ. ಹಿಂದಿನ ವೈರಿಗೆ ಎಷ್ಟು ದುಡ್ಡು ಕೊಡಬೇಕು?

ಕಳೆದ ತಿಂಗಳು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಯೊಂದರಲ್ಲಿ ನಿಂತಿದ್ದೆ. ಹೊಸ ಟಿ.ವಿ. ಕೊಳ್ಳಲು ಗದಗಿನಿಂದ ಬಂದಿದ್ದ ದಂಪತಿಗೆ ಅಂಗಡಿಯ ಹುಡುಗ ಚಿತ್ರ, ಧ್ವನಿ ಎರಡನ್ನೂ ಟಿ.ವಿ.ಗೆ ಸಾಗಿಸುವ ಎರಡು ಎಚ್‌ಡಿಎಂಐ ಕೇಬಲ್ ತೋರಿಸುತ್ತಿದ್ದ. ಎರಡೂ ಒಂದೂವರೆ ಮೀಟರ್ ಉದ್ದದವು. ಒಂದರ ಬೆಲೆ 250 ರೂಪಾಯಿ, ಇನ್ನೊಂದರದು 2,400. "ಇದು ಗೋಲ್ಡ್ ಪ್ಲೇಟೆಡ್ ಐತ್ರೀ ಸರ, ವಾಯರೂ ದಪ್ಪ ಐತಿ, ಕಲರ್ ಭಾಳ ಚಲೋ ಬರತಾವ್ರೀ" ಎಂದ. ಯಜಮಾನರು ದಪ್ಪ ವೈರನ್ನು ಬೆರಳುಗಳ ನಡುವೆ ಒತ್ತಿ ನೋಡಿ, ಹೆಂಡತಿಯ ಮುಖ ನೋಡಿ, ಅದನ್ನೇ ಕಟ್ಟಲು ಹೇಳಿದರು. ಅವರಿಗೆ 2,150 ರೂಪಾಯಿ ಸುಮ್ಮನೆ ಹೋಯಿತೆಂದು ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ದಪ್ಪ ವೈರಿನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂಬ ಅವರ ನಂಬಿಕೆ ಆಧಾರವಿಲ್ಲದ್ದಲ್ಲ. ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು.

ದೂರದರ್ಶನ ಬಣ್ಣದ ಪ್ರಸಾರವನ್ನು ಆರಂಭಿಸಿದ್ದು 1982ರ ಆಗಸ್ಟ್ 15ರಂದು. ಅದೇ ವರ್ಷ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ನಮ್ಮ ದೇಶ ಆರಿಸಿಕೊಂಡದ್ದು ಪಾಲ್ ಎಂಬ ಪದ್ಧತಿಯನ್ನು. ಅದರಲ್ಲಿ ಪ್ರತಿ ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಆಗ ಮನೆಗಳಲ್ಲಿದ್ದ ಕಪ್ಪು-ಬಿಳುಪು ಟಿ.ವಿ.ಗಳಲ್ಲೂ ಅದೇ ಪ್ರಸಾರ ಕಾಣಬೇಕಿದ್ದುದರಿಂದ, ಬೆಳಕಿನ ಮಾಹಿತಿ ಹರಿಯುತ್ತಿದ್ದ ಸುಮಾರು 5 ಮೆಗಾಹರ್ಟ್ಸ್ ಜಾಗದೊಳಗೇ, 4.43 ಮೆಗಾಹರ್ಟ್ಸ್ ಬಳಿ, ಬಣ್ಣದ ಮಾಹಿತಿಯನ್ನೂ ತುರುಕಬೇಕಾಯಿತು. ಮುಂದೆ ವಿಸಿಆರ್ ಮತ್ತು ವಿಸಿಡಿ ಪ್ಲೇಯರುಗಳ ಹಿಂದೆ ಕಾಣಿಸಿಕೊಂಡ ಹಳದಿ ಪಿನ್ನು ಈ ಬೆರಕೆ ಸಂಕೇತವನ್ನೇ ಒಂದೇ ತಂತಿಯಲ್ಲಿ ಸಾಗಿಸುತ್ತಿತ್ತು. ಅದಕ್ಕೆ ಕಾಂಪೋಸಿಟ್ ಎಂದು ಹೆಸರು.

ಒಮ್ಮೆ ಬೆರೆಸಿದ್ದನ್ನು ಟಿ.ವಿ. ಮತ್ತೆ ಪೂರ್ತಿಯಾಗಿ ಬೇರ್ಪಡಿಸಲಾರದು. ವಾರ್ತೆ ಓದುವವರು ಬೆಟಗೇರಿಯ ಕೈಮಗ್ಗದ ಸೀರೆಯಂಥ ಸಣ್ಣ ಚೌಕಡಿಯ ಸೀರೆ ಉಟ್ಟು ಕುಳಿತರೆ, ಆ ಚೌಕಡಿಯ ಮೇಲೆ ಇಲ್ಲದ ಕಾಮನಬಿಲ್ಲಿನ ಬಣ್ಣಗಳು ಹೊಯ್ದಾಡುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಬೆಳಕಿನ ಸಣ್ಣ ಗೆರೆಗಳನ್ನು ಟಿ.ವಿ. ಬಣ್ಣವೆಂದು ತಪ್ಪಾಗಿ ಓದಿಕೊಳ್ಳುತ್ತಿದ್ದುದೇ ಅದಕ್ಕೆ ಕಾರಣ. ಅದು ಪದ್ಧತಿಯ ದೋಷ, ತಂತಿಯದಲ್ಲ.

ಆದರೂ ತಂತಿಯ ಪಾತ್ರ ದೊಡ್ಡದಿತ್ತು. ಅನಲಾಗ್ ತಂತಿಯಲ್ಲಿ ವೋಲ್ಟೇಜೇ ಚಿತ್ರ: ಕಪ್ಪಿಗೆ 0.3 ವೋಲ್ಟ್, ಅಚ್ಚ ಬಿಳುಪಿಗೆ 1 ವೋಲ್ಟ್, ನಡುವಿನ ಪ್ರತಿ ಛಾಯೆಗೂ ನಡುವಿನದೊಂದು ಅಳತೆ. ದಾರಿಯಲ್ಲಿ ಎಷ್ಟು ಸೋರಿದರೆ ಚಿತ್ರ ಅಷ್ಟು ಮಂಕಾಗುತ್ತದೆ; ಪಕ್ಕದ ಕರೆಂಟಿನ ವೈರಿನಿಂದ ಏನು ಸೇರಿಕೊಂಡರೂ ಅದು ಪರದೆಯ ಮೇಲೆ ಪಟ್ಟಿಯಾಗಿ ತೇಲುತ್ತದೆ. ಈ ತಂತಿಯಲ್ಲಿ ಸಂಕೇತಕ್ಕೆ ಎದುರಾಗುವ ತಡೆ (ಇಂಪೀಡೆನ್ಸ್) 75 ಓಮ್‌ನದ್ದೇ ಆಗಿರಬೇಕೆಂಬ ನಿಯಮಕ್ಕೂ ಅರ್ಥವಿದೆ. ಅಳತೆ ಹೊಂದದಿದ್ದರೆ ಸಂಕೇತದ ಒಂದು ಪಾಲು ತುದಿಗೆ ಬಡಿದು ಹಿಂದಿರುಗುತ್ತದೆ, ಮತ್ತು ಉದ್ದನೆಯ ವೈರಿನಲ್ಲಿ ಮುಖದ ಪಕ್ಕ ಇನ್ನೊಂದು ಮಸುಕು ಮುಖ ಮೂಡುತ್ತದೆ. ಧಾರವಾಡದ ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಹಿಡಿದ ಪಿನ್ನನ್ನು ತಿರುಗಿಸಿ ತಿರುಗಿಸಿ ಬಣ್ಣ ತರಿಸಿದವರಿಗೆ ಚಿನ್ನದ ಲೇಪನದ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಪ್ಪ ಜಾಲರಿ ಹೊದಿಕೆ, ಒಳ್ಳೆಯ ತಾಮ್ರ, ಬಿಗಿಯಾದ ಪಿನ್ನು, ಇವೆಲ್ಲ ಆಗ ಕಣ್ಣಿಗೆ ಕಾಣುವ ವ್ಯತ್ಯಾಸ ತರುತ್ತಿದ್ದವು.

ಬೆಳಕು ಮತ್ತು ಬಣ್ಣವನ್ನು ಬೇರೆ ಬೇರೆ ತಂತಿಗಳಲ್ಲಿ ಕಳುಹಿಸುವ ಎಸ್-ವಿಡಿಯೊ 1987ರಲ್ಲಿ ಜೆವಿಸಿಯ ಎಸ್-ವಿಎಚ್‌ಎಸ್ ಕ್ಯಾಸೆಟ್ ಯಂತ್ರಗಳೊಂದಿಗೆ ಹರಡಿತಾದರೂ ನಮ್ಮ ಕಡೆ ಅದನ್ನು ಬಳಸಿದವರು ಕಡಿಮೆ. ಹೆಚ್ಚು ಮುಖ್ಯವಾದದ್ದು ಕಾಂಪೊನೆಂಟ್. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿವಿಡಿಯಲ್ಲಿ ಚಿತ್ರವು ಬೆಳಕು ಮತ್ತು ಎರಡು ಬಣ್ಣ-ವ್ಯತ್ಯಾಸಗಳೆಂದು ಮೂರು ಭಾಗಗಳಲ್ಲೇ ಇರುತ್ತದೆ. ಹಸಿರು, ನೀಲಿ, ಕೆಂಪು ಪಿನ್ನುಗಳ ಈ ಕೇಬಲ್ ಆ ಮೂರನ್ನೂ ಬೆರೆಸದೆ ತಲುಪಿಸುತ್ತಿತ್ತು. ಸೀರೆಯ ಮೇಲಿನ ಸುಳ್ಳು ಕಾಮನಬಿಲ್ಲು ಅಲ್ಲಿಗೆ ಮಾಯವಾಯಿತು. ಒಳ್ಳೆಯ ಕಾಂಪೊನೆಂಟ್ ಕೇಬಲ್ 1080 ಗೆರೆಗಳ ಎಚ್‌ಡಿ ಚಿತ್ರವನ್ನೂ ಸಾಗಿಸಬಲ್ಲದು, ಮತ್ತು ಎರಡು-ಮೂರು ಮೀಟರಿನೊಳಗೆ ಅದಕ್ಕೂ ಎಚ್‌ಡಿಎಂಐಗೂ ಇರುವ ಅಂತರವನ್ನು ಸೋಫಾದಲ್ಲಿ ಕುಳಿತು ಗುರುತಿಸುವುದು ಸುಲಭವಲ್ಲ.

ಹಾಗಿದ್ದರೂ ಅದು ಮರೆಯಾದದ್ದೇಕೆ? ಇದಕ್ಕೆ ಕಾರಣ ಕೇವಲ ಚಿತ್ರದ ಗುಣಮಟ್ಟವಲ್ಲ ಎಂಬುದನ್ನು ಒತ್ತಿ ಹೇಳಬೇಕು. 2002ರ ಡಿಸೆಂಬರಿನಲ್ಲಿ ಹಿಟಾಚಿ, ಮತ್ಸುಶಿತಾ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್ ಮತ್ತು ತೋಶಿಬಾ ಕಂಪನಿಗಳು ಸೇರಿ ರೂಪಿಸಿದ ಎಚ್‌ಡಿಎಂಐಯ ಮೊದಲ ಆವೃತ್ತಿ ಹೊರಬಂತು. ಚಿತ್ರ, ಧ್ವನಿ ಎರಡಕ್ಕೂ ಒಂದೇ ವೈರು ಎಂಬ ಅನುಕೂಲದ ಜೊತೆಗೆ, ನಕಲು ಮಾಡದಂತೆ ಸಂಕೇತಕ್ಕೆ ಬೀಗ ಹಾಕುವ ಎಚ್‌ಡಿಸಿಪಿ ಎಂಬ ಇಂಟೆಲ್‌ನ ವ್ಯವಸ್ಥೆಯನ್ನೂ ಅದರೊಂದಿಗೆ ಬಳಸಬಹುದಿತ್ತು. ಅನಲಾಗ್ ತಂತಿಗೆ ಅಂಥ ಬೀಗ ಹಾಕಲು ಬರುತ್ತಿರಲಿಲ್ಲ. ಆದ್ದರಿಂದ ಎಚ್‌ಡಿ ಸಿನಿಮಾಗಳ ಬ್ಲೂ-ರೇ ಡಿಸ್ಕುಗಳ ರಕ್ಷಣೆಯ ಪರವಾನಗಿಯಲ್ಲೇ ಒಂದು ಷರತ್ತು ಸೇರಿತು: 2010ರ ಅಂತ್ಯದ ನಂತರ ತಯಾರಾಗುವ ಪ್ಲೇಯರುಗಳು ಅಂಥ ಡಿಸ್ಕಿನ ಚಿತ್ರವನ್ನು ಅನಲಾಗ್ ಪಿನ್ನಿಗೆ ಹಳೆಯ ಸಾಧಾರಣ ಗುಣಮಟ್ಟದಲ್ಲಷ್ಟೇ ಕೊಡಬೇಕು, 2013ರ ಅಂತ್ಯದ ನಂತರದವು ಕೊಡಲೇಬಾರದು. ಚೆನ್ನಾಗಿ ಕೆಲಸ ಮಾಡುತ್ತಿದ್ದ ಮೂರು ಪಿನ್ನುಗಳನ್ನು ಬಳಕೆದಾರರ ಕಣ್ಣಿಗಿಂತ ಹೆಚ್ಚಾಗಿ ಚಿತ್ರೋದ್ಯಮದ ಆತಂಕವೇ ಮುಚ್ಚಿಸಿತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರುಗಳಲ್ಲಿ ಈ ಬದಲಾವಣೆಗೆ ವಿಚಿತ್ರವಾದ ತಿರುವೊಂದು ಸಿಕ್ಕಿತು. ಕೇಬಲ್ ಟಿ.ವಿ. ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಕರ್ನಾಟಕದಿಂದ ಬೆಂಗಳೂರು, ಮೈಸೂರು ಮಾತ್ರ ಇದ್ದವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಂಥ ಉಳಿದ ಪಟ್ಟಣಗಳಿಗೆ ಮೂರನೆಯ ಹಂತದಲ್ಲಿ 2015ರ ಡಿಸೆಂಬರ್ 31ರ ಗಡುವು ಬಂತು. ಮನೆಮನೆಗೆ ಸೆಟ್ ಟಾಪ್ ಬಾಕ್ಸ್ ಬಂದವು. ಆದರೆ ಅಗ್ಗದ ಬಾಕ್ಸುಗಳ ಹಿಂದೆ ಇದ್ದದ್ದು ಅದೇ ಹಳದಿ, ಕೆಂಪು, ಬಿಳಿ ಪಿನ್ನು. ಅಷ್ಟು ದೂರದಿಂದ ಡಿಜಿಟಲ್ ಆಗಿ ಬಂದ ಚಿತ್ರ, ಬಾಕ್ಸಿನಿಂದ ಟಿ.ವಿ.ವರೆಗಿನ ಕೊನೆಯ ಒಂದು ಮೀಟರಿನಲ್ಲಿ 1982ರ ಪದ್ಧತಿಗೆ ಮರಳುತ್ತಿತ್ತು. "ಡಿಜಿಟಲ್ ಆದರೂ ಮಸುಕೇ ಐತಲ್ಲ" ಎಂದು ಜನ ದೂರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎಚ್‌ಡಿಎಂಐಯಲ್ಲಿ ನಡೆಯುವುದೇ ಬೇರೆ. 19 ಪಿನ್ನುಗಳ ಆ ಪ್ಲಗ್ಗಿನೊಳಗೆ ಚಿತ್ರದ ಮಾಹಿತಿ ಸೊನ್ನೆ ಮತ್ತು ಒಂದುಗಳಾಗಿ ಜೋಡಿ ತಂತಿಗಳಲ್ಲಿ ಹರಿಯುತ್ತದೆ. ಜೋಡಿಯ ಒಂದು ತಂತಿಯಲ್ಲಿ ಸಂಕೇತ, ಇನ್ನೊಂದರಲ್ಲಿ ಅದರ ತಲೆಕೆಳಗಾದ ರೂಪ. ಟಿ.ವಿ. ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಎರಡಕ್ಕೂ ಸಮವಾಗಿ ಸೇರಿದ ಗದ್ದಲ ಕಳೆದುಹೋಗುತ್ತದೆ. ಸೊನ್ನೆಯನ್ನು ಸೊನ್ನೆಯೆಂದೂ ಒಂದನ್ನು ಒಂದೆಂದೂ ಗುರುತಿಸಿದ ಮೇಲೆ ಕೆಂಪು ಇನ್ನಷ್ಟು ಕೆಂಪಾಗಲು, ಕಪ್ಪು ಇನ್ನಷ್ಟು ಕಪ್ಪಾಗಲು ವೈರಿನಲ್ಲಿ ಏನೂ ಉಳಿದಿರುವುದಿಲ್ಲ. ಒಂದೂವರೆ ಮೀಟರಿನಲ್ಲಿ 250 ರೂಪಾಯಿಯ ಕೇಬಲ್ ಸರಿಯಾಗಿ ಕೆಲಸ ಮಾಡಿದರೆ 2,400ರ ಕೇಬಲ್ ಅದಕ್ಕಿಂತ ಚೆನ್ನಾದ ಚಿತ್ರ ಕೊಡಲಾರದು.

ಕೇಬಲ್ ಸೋಲುವುದು ಉದ್ದ ಮತ್ತು ವೇಗ ಹೆಚ್ಚಿದಾಗ. ಧಾರವಾಡದ ಸಪ್ತಾಪುರದಲ್ಲಿ ಗೆಳೆಯರೊಬ್ಬರು ಮನೆಯ ಮಾಳಿಗೆಯಲ್ಲಿ ಪ್ರೊಜೆಕ್ಟರ್ ಹಾಕಿಸಿ, 12 ಮೀಟರಿನ ತಾಮ್ರದ ಕೇಬಲನ್ನು ಗೋಡೆಯೊಳಗೆ ಹೂತು ಗಿಲಾಯಿ ಮಾಡಿಸಿದ್ದರು. ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಬೇಡುವ 1080ರ ಚಿತ್ರ ವರ್ಷಗಟ್ಟಲೆ ಚೆನ್ನಾಗಿಯೇ ಬಂತು. ಬಳಿಕ ಸುಮಾರು 18 ಗಿಗಾಬಿಟ್ ಬೇಡುವ, ಸೆಕೆಂಡಿಗೆ 60 ಚಿತ್ರಗಳ 4ಕೆ ಉಪಕರಣ ತಂದಾಗ, ಕತ್ತಲೆಯ ದೃಶ್ಯಗಳಲ್ಲಿ ಬಿಳಿ ಚುಕ್ಕೆಗಳು ಮಿಣುಕತೊಡಗಿದವು. ಮರುವಾರ ಪರದೆ ಐದು ನಿಮಿಷಕ್ಕೊಮ್ಮೆ ಕಪ್ಪಾಗತೊಡಗಿತು. ಅವರು ಪ್ರೊಜೆಕ್ಟರನ್ನು ಎರಡು ಸಲ ರಿಪೇರಿಗೆ ಕಳುಹಿಸಿದ ಮೇಲೆ ದೋಷ ವೈರಿನದೆಂದು ತಿಳಿಯಿತು. ಇಷ್ಟು ದೂರಕ್ಕೆ ಬೇಕಾದದ್ದು ಒಳಗೆ ಗಾಜಿನ ಎಳೆಯಿರುವ ಆಪ್ಟಿಕಲ್ ಎಚ್‌ಡಿಎಂಐ. ಅದರ ಒಂದು ತುದಿ ಪ್ಲೇಯರಿಗೆ, ಇನ್ನೊಂದು ಪರದೆಗೆ ಎಂದು ಗುರುತಾಗಿರುತ್ತದೆ, ತಿರುವುಮುರುವಾದರೆ ಚಿತ್ರ ಬರುವುದಿಲ್ಲ. ಆದರೆ ಎಚ್‌ಡಿಎಂಐ ಪ್ಲಗ್ಗು ಅವರ ಗೋಡೆಯ ಮುಕ್ಕಾಲು ಇಂಚಿನ ಪೈಪಿನಲ್ಲಿ ತೂರಲಿಲ್ಲ, ಗೋಡೆ ಒಡೆಯಬೇಕಾಯಿತು. ಮನೆ ಕಟ್ಟಿಸುತ್ತಿರುವವರು ಒಂದೂಕಾಲು ಇಂಚಿನ ಪೈಪು ಹಾಕಿಸಲಿ, ಮೂಲೆಗಳಲ್ಲಿ ಅಗಲ ಬಾಗು ಇಡಿಸಲಿ. ಕಡಿಮೆ ದೂರಕ್ಕೆ ಪೆಟ್ಟಿಗೆಯ ಮೇಲೆ "ಪ್ರೀಮಿಯಂ ಹೈ ಸ್ಪೀಡ್" ಅಥವಾ 48 ಗಿಗಾಬಿಟ್‌ನ "ಅಲ್ಟ್ರಾ ಹೈ ಸ್ಪೀಡ್" ಎಂಬ ಪ್ರಮಾಣಪತ್ರದ ಚೀಟಿ ಇದ್ದರೆ ಸಾಕು.

ದಪ್ಪ ವೈರಿಗೆ ದುಡ್ಡು ಹಾಕಲೇಬೇಕೆನ್ನುವವರಿಗೆ ಇನ್ನೂ ಒಂದು ಜಾಗ ಉಳಿದಿದೆ. 1990ರ ದಶಕದ ಮದುವೆಯ ಕ್ಯಾಸೆಟ್ಟುಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿವೆ, ಅವುಗಳಲ್ಲಿ ಈಗ ಇಲ್ಲದ ಅಜ್ಜ-ಅಜ್ಜಿಯರು ಅಕ್ಷತೆ ಹಾಕುತ್ತಿದ್ದಾರೆ. ವಿಸಿಆರ್‌ನಿಂದ ಕಂಪ್ಯೂಟರಿಗೆ ಅವನ್ನು ಇಳಿಸುವಾಗ ಹರಿಯುವುದು ಅದೇ ಒಂದು ವೋಲ್ಟಿನ ಅನಲಾಗ್ ಸಂಕೇತ, ಅಲ್ಲಿ ಸೋರಿದ್ದು ಮುಂದೆ ಯಾವ ಯಂತ್ರದಿಂದಲೂ ಮರಳಿ ಬಾರದು. ಆ ಹಳದಿ ಪಿನ್ನಿಗೆ ಮಾತ್ರ ಜಾಲರಿ ಹೊದಿಕೆಯ, ಸರಿಯಾದ 75 ಓಮ್‌ನ, ಒಂದು ಮೀಟರಿಗಿಂತ ಉದ್ದವಿಲ್ಲದ ವೈರನ್ನೇ ಕೊಳ್ಳಿ, ಮತ್ತು ವಿಸಿಆರ್‌ನ ಹೆಡ್ಡು ಕೆಲಸ ಮಾಡುತ್ತಿರುವಾಗಲೇ ಆ ಕೆಲಸ ಮುಗಿಸಿ.